ಆಗಸ್ಟ್‌ನಲ್ಲಿ ಹುಟ್ಟಿದ ಮಗು, ಕೆಳಗಿನ ಟೇಬಲ್: ಇಂಗ್ಲೆಂಡಿನ ಶಾಲೆಗಳ ಗುಂಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿದ ಕನ್ನಡದ ಅಪ್ಪ ಅಮ್ಮಂದಿರು ಮೊದಲ ಒಂದೆರಡು ವರ್ಷದಲ್ಲೇ ಕೇಳುವ ಪ್ರಶ್ನೆಗಳಿವು. "ನಮ್ಮ ಮಗುವನ್ನು ಯಾಕೆ ಆ ಟೇಬಲ್‌ನಲ್ಲಿ ಕೂರಿಸಿದ್ದಾರೆ?" ಎಂದು ಶುರುವಾಗುತ್ತದೆ. "ಒಂದು ವರ್ಷ ತಡವಾಗಿ ಸೇರಿಸಬೇಕಿತ್ತಾ?" ಎನ್ನುವ ತನಕ ಹೋಗುತ್ತದೆ. ಒಂದನೇ ತರಗತಿಯ ವಯಸ್ಸಿನ ವಿಷಯ ಕರ್ನಾಟಕದಲ್ಲೂ ಚರ್ಚೆಗೆ ಬಂದ ಮೇಲೆ ಊರಿನವರೂ ಇದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಕೊನೆಯ ಕಡೆ ನಮ್ಮೂರಿನ ಮಾತೂ ಇದೆ.

ಗುಂಪು ಮಾಡುವುದು ಅಂದರೆ ಏನು? ಎ ಸೆಕ್ಷನ್, ಬಿ ಸೆಕ್ಷನ್ ಇದ್ದ ಹಾಗಾ?

ಅದೂ ಒಂದು ಬಗೆ. ಜಾಣರೆಲ್ಲ ಒಂದು ಸೆಕ್ಷನ್, ಉಳಿದವರೆಲ್ಲ ಇನ್ನೊಂದು ಎಂದು ಇಡೀ ತರಗತಿಯನ್ನೇ ಬೇರೆ ಮಾಡುವುದು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 1950ರ ದಶಕದಲ್ಲಿ ಇದು ತುಂಬಾ ಸಾಮಾನ್ಯವಾಗಿತ್ತು. ಗ್ರಾಮರ್ ಶಾಲೆ, ಅಂದರೆ ಜಾಣರನ್ನಷ್ಟೇ ಆರಿಸಿಕೊಳ್ಳುವ ಪ್ರೌಢಶಾಲೆಗೆ ಹನ್ನೊಂದನೇ ವಯಸ್ಸಿನಲ್ಲಿ ನಡೆಯುವ ಪರೀಕ್ಷೆಗಾಗಿ ಏಳನೇ ವಯಸ್ಸಿನಿಂದಲೇ ಮಕ್ಕಳನ್ನು ಬೇರ್ಪಡಿಸುತ್ತಿದ್ದರು. ಪ್ರಾಥಮಿಕ ಶಿಕ್ಷಣದ ಬಗೆಗಿನ 1967ರ ಪ್ಲೌಡನ್ ಸಮಿತಿಯ ವರದಿ ಇದರಿಂದ ಹಿಂದೆ ಸರಿಯುತ್ತಿದ್ದ ಶಾಲೆಗಳ ಬೆನ್ನಿಗೆ ನಿಂತಿತು. ಆಮೇಲೆ ಈ ಪದ್ಧತಿ ಚಿಕ್ಕ ಮಕ್ಕಳ ಶಾಲೆಗಳಲ್ಲಿ ಬಹಳ ಕಡಿಮೆಯಾಯಿತು.

ಈಗ ಜಾಸ್ತಿ ಕಾಣುವುದು ಬೇರೆ ಬಗೆ. ತರಗತಿ ಒಂದೇ, ಟೀಚರ್ ಒಬ್ಬರೇ. ಆದರೆ ಓದಲು, ಲೆಕ್ಕ ಮಾಡಲು ಮಕ್ಕಳನ್ನು ನಾಲ್ಕೈದು ಟೇಬಲ್‌ಗಳಿಗೆ ಹಂಚಿರುತ್ತಾರೆ. ಚೆನ್ನಾಗಿ ಓದುವವರು ಒಂದು ಕಡೆ, ಇನ್ನೂ ಅಕ್ಷರ ಗುರುತಿಸುತ್ತಿರುವವರು ಇನ್ನೊಂದು ಕಡೆ. ಟೇಬಲ್‌ಗಳಿಗೆ ಬಣ್ಣದ ಹೆಸರೋ, ಪ್ರಾಣಿಯ ಹೆಸರೋ, ತ್ರಿಕೋನ, ಷಟ್ಕೋನದಂಥ ಆಕಾರದ ಹೆಸರೋ ಇರುತ್ತದೆ. ಮೇಲು ಕೀಳು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಯಾವ ಟೇಬಲ್‌ಗೆ ದಪ್ಪ ಪುಸ್ತಕ ಹೋಗುತ್ತದೆ, ಯಾವುದಕ್ಕೆ ಚಿತ್ರದ ಹಾಳೆ ಬರುತ್ತದೆ ಎಂದು ಐದು ವರ್ಷದ ಮಗು ನೋಡುತ್ತಲೇ ಇರುತ್ತದೆ. ಮನೆಗೆ ಬರುವ ಓದುವ ಪುಸ್ತಕಕ್ಕೂ ಬಣ್ಣದ ಪಟ್ಟಿ ಇರುತ್ತದೆ. ಗುಲಾಬಿ, ಕೆಂಪು, ಹಳದಿ, ನೀಲಿ, ಹಸಿರು ಹೀಗೆ ಮೇಲೆ ಹೋಗುತ್ತದೆ. ಶಾಲೆಯ ಗೇಟಿನ ಹತ್ತಿರ ಅಮ್ಮಂದಿರ ಕಣ್ಣು ಮೊದಲು ಬೀಳುವುದು ಆ ಪಟ್ಟಿಯ ಮೇಲೆಯೇ.

ಇದರಲ್ಲಿ ಹುಟ್ಟಿದ ತಿಂಗಳಿಗೆ ಏನು ಕೆಲಸ?

ಇಂಗ್ಲೆಂಡಿನಲ್ಲಿ ಒಂದು ತರಗತಿಯ ಗಡಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಮಗುವಿಗೆ ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ನಲ್ಲಿ ಅದು ರಿಸೆಪ್ಷನ್ ತರಗತಿಗೆ ಸೇರುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಹುಟ್ಟಿದ ಮಗು ಶಾಲೆಗೆ ಕಾಲಿಡುವಾಗ ಅದಕ್ಕೆ ಐದು ತುಂಬಿರುತ್ತದೆ, ಇಲ್ಲ ತುಂಬುವುದರಲ್ಲಿರುತ್ತದೆ. ಆಗಸ್ಟ್ ಕೊನೆಯಲ್ಲಿ ಹುಟ್ಟಿದ ಮಗುವಿಗೆ ನಾಲ್ಕು ತುಂಬಿ ಕೆಲವೇ ದಿನ. ಇಬ್ಬರಿಗೂ ಅದೇ ಕೋಣೆ, ಅದೇ ಟೀಚರ್, ಅದೇ ಪಾಠ.

ದೊಡ್ಡವರಿಗೆ ಹನ್ನೊಂದು ತಿಂಗಳು ಏನೂ ಅಲ್ಲ. ನಾಲ್ಕು ವರ್ಷದ ಮಗುವಿಗೆ ಅದು ಈವರೆಗೆ ಬದುಕಿದ ಕಾಲದ ಹೆಚ್ಚುಕಡಿಮೆ ಕಾಲು ಭಾಗ. ಆ ಒಂದು ವರ್ಷದಲ್ಲಿ ಮಗು ಎಷ್ಟು ಮಾತು ಕಲಿಯುತ್ತದೆ ಎಂದು ಮನೆಯಲ್ಲಿ ಇಬ್ಬರು ಮಕ್ಕಳಿರುವ ಯಾರನ್ನಾದರೂ ಕೇಳಿ. ಪೆನ್ಸಿಲ್ ಹಿಡಿಯುವ ಬೆರಳಿನ ಬಲ, ಕಾರ್ಪೆಟ್ ಮೇಲೆ ಹತ್ತು ನಿಮಿಷ ಕೂರುವ ತಾಳ್ಮೆ, ಕೋಟಿನ ಗುಂಡಿ ತಾನೇ ಹಾಕಿಕೊಳ್ಳುವುದು, ಟೀಚರ್ ಒಟ್ಟಿಗೆ ಹೇಳಿದ ಮೂರು ಕೆಲಸವನ್ನು ನೆನಪಿಟ್ಟುಕೊಳ್ಳುವುದು, ಎಲ್ಲವೂ ಆ ವಯಸ್ಸಿನಲ್ಲಿ ತಿಂಗಳು ತಿಂಗಳಿಗೂ ಬದಲಾಗುತ್ತವೆ.

ಈಗ ಇಂಥ ತರಗತಿಯನ್ನು 'ಯಾರು ಚೆನ್ನಾಗಿ ಮಾಡುತ್ತಾರೆ' ಎಂದು ನೋಡಿ ಟೇಬಲ್‌ಗಳಿಗೆ ಹಂಚಿ. ಮೇಲಿನ ಟೇಬಲ್‌ನಲ್ಲಿ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನ ಮಕ್ಕಳು ಜಾಸ್ತಿ ಇರುತ್ತಾರೆ. ಕೆಳಗಿನ ಟೇಬಲ್‌ನಲ್ಲಿ ಜೂನ್, ಜುಲೈ, ಆಗಸ್ಟ್‌ನವರು ಜಾಸ್ತಿ ಇರುತ್ತಾರೆ. ಟೀಚರ್ ಬುದ್ಧಿಯನ್ನು ಅಳೆಯಲು ಹೊರಟಿರುತ್ತಾರೆ. ಅಳತೆಗೆ ಸಿಗುವುದರಲ್ಲಿ ವಯಸ್ಸಿನ ಪಾಲು ದೊಡ್ಡದಿರುತ್ತದೆ.

ಇದು ನಿಜವೆಂದು ತೋರಿಸಿದ ಸಂಶೋಧನೆ ಇದೆಯಾ?

ಇದೆ. ಒಂದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನೇರವಾಗಿ ಈ ಟೇಬಲ್‌ಗಳ ಬಗ್ಗೆಯೇ ಇದೆ.

ಬ್ರಿಟನ್‌ನಲ್ಲಿ ಮಿಲೆನಿಯಮ್ ಕೋಹಾರ್ಟ್ ಸ್ಟಡಿ ಎಂಬ ದೊಡ್ಡ ಅಧ್ಯಯನವಿದೆ. ಈ ಶತಮಾನದ ಶುರುವಿನಲ್ಲಿ ಹುಟ್ಟಿದ ಸುಮಾರು 19,000 ಮಕ್ಕಳನ್ನು ಅದು ಹಸುಗೂಸಾಗಿದ್ದಾಗಿನಿಂದಲೂ ಹಿಂಬಾಲಿಸುತ್ತಿದೆ. ಇಂಗ್ಲೆಂಡಿನ ಮಕ್ಕಳನ್ನು ಆರಿಸಿದ್ದು 2000ದ ಸೆಪ್ಟೆಂಬರ್‌ನಿಂದ 2001ರ ಆಗಸ್ಟ್‌ವರೆಗೆ ಹುಟ್ಟಿದವರಿಂದ. ಅಂದರೆ ಸರಿಯಾಗಿ ಒಂದು ಶಾಲಾ ವರ್ಷದ ಮಕ್ಕಳು. ಅವರಿಗೆ ಏಳು ವರ್ಷವಾದಾಗ ಸಂಶೋಧಕರು ಅವರ ಟೀಚರ್‌ಗಳನ್ನೂ ಮಾತಾಡಿಸಿದರು. ಈ ಮಗು ತರಗತಿಯಲ್ಲಿ ಯಾವ ಗುಂಪಿನಲ್ಲಿದೆ, ಓದಿನಲ್ಲಿ ಮತ್ತು ಲೆಕ್ಕದಲ್ಲಿ ಹೇಗಿದೆ ಎಂದು ಕೇಳಿದರು.

ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್‌ನಲ್ಲಿದ್ದ ಟ್ಯಾಮಿ ಕ್ಯಾಂಪ್‌ಬೆಲ್ ಈ ಉತ್ತರಗಳನ್ನು ಹುಟ್ಟಿದ ತಿಂಗಳಿನ ಪಕ್ಕದಲ್ಲಿಟ್ಟು ನೋಡಿದರು. ವರ್ಷದ ದೊಡ್ಡ ಮಕ್ಕಳು ಮೇಲಿನ ಗುಂಪಿನಲ್ಲಿ, ಚಿಕ್ಕವರು ಕೆಳಗಿನ ಗುಂಪಿನಲ್ಲಿ ಹೆಚ್ಚಾಗಿದ್ದರು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ನನಗೆ ತುಂಬಾ ಮುಖ್ಯ ಅನಿಸುವುದು ಅವರು ಕಂಡ ಇನ್ನೊಂದು ವಿಷಯ. ಸೆಪ್ಟೆಂಬರ್ ಮಕ್ಕಳ ಬಗ್ಗೆ ಮತ್ತು ಆಗಸ್ಟ್ ಮಕ್ಕಳ ಬಗ್ಗೆ ಟೀಚರ್‌ಗಳಿಗಿರುವ ಅಭಿಪ್ರಾಯದಲ್ಲಿ ಅಂತರ ಎಲ್ಲ ಕಡೆಯೂ ಇತ್ತು. ಆದರೆ ಗುಂಪು ಮಾಡುವ ತರಗತಿಗಳಲ್ಲಿ ಆ ಅಂತರ ಇನ್ನೂ ದೊಡ್ಡದಾಗಿತ್ತು. 2014ರಲ್ಲಿ ಇದು ಪ್ರಕಟವಾಯಿತು.

ಗುಂಪು ಇರುವ ವ್ಯತ್ಯಾಸವನ್ನು ತೋರಿಸಿ ಸುಮ್ಮನಾಗುವುದಿಲ್ಲ, ಟೀಚರ್ ಕಣ್ಣಿಗೆ ಅದನ್ನು ಇನ್ನಷ್ಟು ಹಿಗ್ಗಿಸಿ ತೋರಿಸುತ್ತಿರಬಹುದು. ಈ ಅಧ್ಯಯನ ಓದಿದರೆ ಬರುವ ಅನುಮಾನ ಇದು. ಕಾರಣ ಊಹಿಸುವುದು ಕಷ್ಟವಲ್ಲ. ಕೆಳಗಿನ ಟೇಬಲ್‌ನ ಮಗುವಿಗೆ ಸುಲಭದ ಕೆಲಸ ಕೊಡುತ್ತಾರೆ. ಸುಲಭದ ಕೆಲಸ ಮಾಡಿದ ಮಗು ತನಗೆ ಕಷ್ಟದ್ದೂ ಬರುತ್ತದೆ ಎಂದು ತೋರಿಸುವುದು ಹೇಗೆ? ಅವಕಾಶವೇ ಬಂದಿರುವುದಿಲ್ಲ.

ಹಾಗಾದರೆ ಟೀಚರ್‌ಗಳು ಭೇದ ಮಾಡುತ್ತಾರೆ ಅಂತಲಾ?

ಅಲ್ಲ. ಮೂವತ್ತು ಮಕ್ಕಳ ತರಗತಿ, ಜೊತೆಗೆ ಒಬ್ಬ ಸಹಾಯಕಿ ಇದ್ದರೆ ಅದೃಷ್ಟ. ಒಬ್ಬ ಮಗುವಿಗೆ ಪುಟ ಓದಲು ಬರುತ್ತದೆ, ಇನ್ನೊಬ್ಬನಿಗೆ ತನ್ನ ಹೆಸರು ಬರೆಯಲು ಬರುವುದಿಲ್ಲ. ಇಬ್ಬರಿಗೂ ಒಂದೇ ಪಾಠ ಹೇಳಿದರೆ ಇಬ್ಬರಿಗೂ ಅನ್ಯಾಯ. ಗುಂಪು ಮಾಡುವುದು ಅವರಿಗೆ ಕಾಣುವ ದಾರಿ, ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ. ಆದರೆ ತರಗತಿ ನಡೆಯುವಾಗ ಯಾರೂ ಹುಟ್ಟಿದ ದಿನಾಂಕದ ಪಟ್ಟಿ ಹಿಡಿದು ನಿಂತಿರುವುದಿಲ್ಲ. ಮುಂದೆ ನಿಂತ ಮಗು 'ಜಾಣ' ಎನ್ನುವುದು ಕಣ್ಣಿಗೆ ಬೀಳುತ್ತದೆ. ಅದು ಹತ್ತು ತಿಂಗಳು ದೊಡ್ಡದು ಎನ್ನುವುದು ಬೀಳುವುದಿಲ್ಲ.

ಗುಂಪು ಮಾಡುವುದೇ ತಪ್ಪಾ?

ತಪ್ಪು ಅನ್ನಲಾರೆ. ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದೆ. ತರಗತಿಯ ಒಳಗೆ ಗುಂಪು ಮಾಡಿದರೆ ಸರಾಸರಿ ಎರಡು ತಿಂಗಳ ಕಲಿಕೆಯಷ್ಟು ಲಾಭ ಕಾಣುತ್ತದೆ ಎನ್ನುತ್ತದೆ. ಆದರೆ ಇದಕ್ಕಿರುವ ಸಾಕ್ಷ್ಯ ತೆಳು ಎಂದೂ ಅದೇ ಹೇಳುತ್ತದೆ. ಸರಾಸರಿ ಎನ್ನುವುದು ಕೆಳಗಿನ ಟೇಬಲ್‌ನ ಮಗುವಿನ ಕಥೆ ಹೇಳುವುದಿಲ್ಲ, ಅದನ್ನೂ ನೆನಪಿಡಬೇಕು.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ಗುಂಪು ಇರುವುದು ಕೆಲಸಕ್ಕೋ, ಮಗುವಿಗೋ?

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯವರು ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದ ಕೆಲಸ ಇದಕ್ಕೆ ಸ್ಫೂರ್ತಿ. ಯುನಿಸೆಫ್ ನೆರವಿತ್ತು. ಕಟ್ಟಿದ್ದು ಮಾತ್ರ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು. ಆಮೇಲೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪಾಠ ಎಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಕಲಿಕಾ ಏಣಿಯಲ್ಲಿರುತ್ತದೆ. ಪ್ರತಿ ಮಗುವೂ ತಾನಿರುವ ಮೆಟ್ಟಿಲಿನ ಕಾರ್ಡ್ ತೆಗೆದುಕೊಳ್ಳುತ್ತದೆ.

ಅಲ್ಲೂ ಗುಂಪುಗಳಿವೆ. ಆದರೆ ಅವು ಜಾಣರ ಗುಂಪು, ದಡ್ಡರ ಗುಂಪು ಅಲ್ಲ. ಪೂರ್ತಿ ಟೀಚರ್ ಸಹಾಯ ಬೇಕಾದ ಕೆಲಸಕ್ಕೆ ಒಂದು ಗುಂಪು, ಸ್ವಲ್ಪ ಸಹಾಯ ಸಾಕಾದ ಕೆಲಸಕ್ಕೆ ಇನ್ನೊಂದು, ಗೆಳೆಯರ ಜೊತೆ ಮಾಡುವ ಕೆಲಸಕ್ಕೆ ಮತ್ತೊಂದು, ತಾನೇ ಮಾಡುವ ಕೆಲಸಕ್ಕೆ ಬೇರೊಂದು. ಹೊಸ ವಿಷಯ ಕಲಿಯುವಾಗ ಎಲ್ಲರೂ ಟೀಚರ್ ಹತ್ತಿರದ ಗುಂಪಿಗೆ ಬರಲೇಬೇಕು. ಕಲಿತ ಮೇಲೆ ಎಲ್ಲರೂ ಅಲ್ಲಿಂದ ಏಳಲೇಬೇಕು. ಕಾರ್ಡ್ ಬದಲಾದರೆ ಗುಂಪು ಬದಲು. ಕೆಲವು ದಿನ ಹುಷಾರಿಲ್ಲದೆ ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ಎಲ್ಲ ಶಾಲೆಯಲ್ಲೂ ಇದು ಅಂದುಕೊಂಡಷ್ಟು ಚೆನ್ನಾಗಿ ನಡೆಯುತ್ತದೆ ಎನ್ನಲಾಗದು. ಮೇಷ್ಟ್ರು ಒಬ್ಬರೇ ಇದ್ದು ಮಕ್ಕಳು ಹೆಚ್ಚಾದರೆ ಕಷ್ಟ. ಆದರೂ ಅದರ ಹಿಂದಿನ ಯೋಚನೆ ಬಹಳ ದೊಡ್ಡದು. ಮೇ ತಿಂಗಳಲ್ಲಿ ಹುಟ್ಟಿದ, ಅಂದರೆ ನಮ್ಮಲ್ಲಿ ತರಗತಿಗೇ ಚಿಕ್ಕದಾದ ಮಗು ಒಂದು ಮೆಟ್ಟಿಲಿನಲ್ಲಿ ಎರಡು ವಾರ ಜಾಸ್ತಿ ನಿಂತರೆ ಅಲ್ಲಿ ಯಾರಿಗೂ ತೊಂದರೆಯಿಲ್ಲ.

ಪ್ರಥಮ್ ಸಂಸ್ಥೆ ದೇಶದ ಬೇರೆ ಬೇರೆ ಕಡೆ ಮಾಡುತ್ತಿರುವುದೂ ಗುಂಪಿನ ಪದ್ಧತಿಯೇ. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿ ನೋಡದೆ, ಓದಲು ಎಷ್ಟು ಬರುತ್ತದೆ ಎಂದು ನೋಡಿ ದಿನದ ಸ್ವಲ್ಪ ಹೊತ್ತು ಕೂರಿಸುತ್ತಾರೆ. ಅಕ್ಷರದ ಗುಂಪು, ಪದದ ಗುಂಪು, ಕಥೆಯ ಗುಂಪು. ಮತ್ತೆ ಮತ್ತೆ ಪರೀಕ್ಷಿಸಿ ಮೇಲಕ್ಕೆ ಕಳಿಸುತ್ತಾರೆ. ಇದರಿಂದ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯವಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ಕೆಲಸದಲ್ಲಿ ಇದರ ಪರೀಕ್ಷೆಯೂ ಸೇರಿದೆ. ಅಲ್ಲಿ ಗುಂಪು ಇರುವುದು ಮಗುವನ್ನು ಆದಷ್ಟು ಬೇಗ ಅದರಿಂದ ಹೊರಗೆ ಕಳಿಸುವುದಕ್ಕೆ.

ಇಂಗ್ಲೆಂಡಿನ ಷಟ್ಕೋನ, ತ್ರಿಕೋನದ ಟೇಬಲ್‌ಗಳೂ ಹೀಗೆ ನಡೆದರೆ ನನ್ನ ತಕರಾರಿಲ್ಲ. ಸೆಪ್ಟೆಂಬರ್‌ನಲ್ಲಿ ಕೂತ ಜಾಗದಲ್ಲೇ ಜುಲೈವರೆಗೆ ಕೂತಿದ್ದರೆ ತಕರಾರಿದೆ.

ದೊಡ್ಡವರಾಗುತ್ತಾ ಎಲ್ಲ ಸರಿಹೋಗುತ್ತದೆ ಅಲ್ವಾ?

ಬಹಳ ಮಟ್ಟಿಗೆ ಸರಿಹೋಗುತ್ತದೆ. ಪೂರ್ತಿಯಾಗಿ ಅಲ್ಲ.

ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಇದನ್ನು ವರ್ಷಗಟ್ಟಲೆ ನೋಡಿದೆ. ಐದರಿಂದ ಏಳರ ವಯಸ್ಸಿನಲ್ಲಿ ಅಂತರ ದೊಡ್ಡದು, ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಆದರೆ 2013ರ ಅವರ ವರದಿಯ ಪ್ರಕಾರ ಹದಿನಾರನೇ ವಯಸ್ಸಿನ, ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಯಲ್ಲೂ ಅದು ಉಳಿದಿತ್ತು. ಐದು ವಿಷಯಗಳಲ್ಲಿ ಒಳ್ಳೆಯ ದರ್ಜೆ ಪಡೆಯುವ ಸಾಧ್ಯತೆ ಆಗಸ್ಟ್ ಮಕ್ಕಳಿಗೆ ಸೆಪ್ಟೆಂಬರ್ ಮಕ್ಕಳಿಗಿಂತ ಶೇಕಡಾ 6.4 ಅಂಶದಷ್ಟು ಕಡಿಮೆ. ಹದಿನೆಂಟು ಹತ್ತೊಂಬತ್ತಕ್ಕೆ ವಿಶ್ವವಿದ್ಯಾಲಯ ಸೇರುವಲ್ಲಿ ಸುಮಾರು 2 ಅಂಶ ಕಡಿಮೆ. ಇದು ಸಾವಿರಾರು ಮಕ್ಕಳ ಸರಾಸರಿ. ನಿಮ್ಮ ಮಗುವಿನ ಭವಿಷ್ಯವಾಣಿ ಅಲ್ಲ.

ಅದೇ ವರದಿಯಲ್ಲಿ ಸಮಾಧಾನದ ಮಾತೂ ಇದೆ. ಪರೀಕ್ಷೆಯ ಅಂತರಕ್ಕೆ ಮುಖ್ಯ ಕಾರಣ, ಪರೀಕ್ಷೆಯ ದಿನ ಆ ಮಗು ಚಿಕ್ಕದಾಗಿರುವುದು. ಅಂದರೆ ಕಲಿಯುವ ಶಕ್ತಿಗೆ ಏನೂ ಆಗಿಲ್ಲ, ಅಳೆದ ದಿನ ಬೇಗ ಬಂದಿದೆ. ಹಾಗಾದರೆ ಅಂಕಗಳನ್ನು ವಯಸ್ಸಿಗೆ ಸರಿಹೊಂದಿಸಿ ಕೊಡಿ ಎಂದು ಆ ಸಂಶೋಧಕರು ಸಲಹೆ ಕೊಟ್ಟರು. ಒಂದು ವಿಚಿತ್ರ ನೋಡಿ. ಗ್ರಾಮರ್ ಶಾಲೆಗೆ ಹನ್ನೊಂದನೇ ವಯಸ್ಸಿನಲ್ಲಿ ನಡೆಯುವ ಹೆಚ್ಚಿನ ಪ್ರವೇಶ ಪರೀಕ್ಷೆಗಳಲ್ಲಿ ತಿಂಗಳ ಲೆಕ್ಕ ಹಿಡಿದು ಅಂಕ ಸರಿಹೊಂದಿಸುತ್ತಾರೆ. ಅಂತರ ಎಲ್ಲಕ್ಕಿಂತ ದೊಡ್ಡದಿರುವ ಐದು, ಆರನೇ ವಯಸ್ಸಿನ ಪರೀಕ್ಷೆಯಲ್ಲಿ ಹಾಗೆ ಮಾಡುವುದಿಲ್ಲ.

ಮಗು ಫೋನಿಕ್ಸ್ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಹೆದರಬೇಕಾ?

ಇಲ್ಲ. ಅಕ್ಷರಗಳ ಧ್ವನಿ ಕೂಡಿಸಿ ಓದಲು ಬರುತ್ತದೆಯಾ ಎಂದು ನೋಡಲು 2012ರಿಂದ ಇಯರ್ ಒನ್, ಅಂದರೆ ರಿಸೆಪ್ಷನ್‌ನ ಮುಂದಿನ ತರಗತಿಯ ಮಕ್ಕಳಿಗೆಲ್ಲ ಜೂನ್‌ನಲ್ಲಿ ಈ ಪರೀಕ್ಷೆ ಇದೆ. ನಲವತ್ತು ಪದ ಓದಬೇಕು. ಅರ್ಧ ನಿಜವಾದ ಪದ, ಅರ್ಧ ಅರ್ಥವಿಲ್ಲದ ಪದ. ಸಾಮಾನ್ಯವಾಗಿ 32 ಸರಿಯಿದ್ದರೆ ಸಾಕು. ಆ ದಿನ ಆಗಸ್ಟ್ ಮಗುವಿಗೆ ಐದು ವರ್ಷ ಹತ್ತು ತಿಂಗಳು, ಸೆಪ್ಟೆಂಬರ್ ಮಗುವಿಗೆ ಆರು ವರ್ಷ ಒಂಬತ್ತು ತಿಂಗಳು. ಗೆರೆ ಇಬ್ಬರಿಗೂ ಒಂದೇ. ಮುಟ್ಟದಿದ್ದರೆ ಇಯರ್ ಟೂನಲ್ಲಿ ಮತ್ತೆ ಓದಿಸುತ್ತಾರೆ. ಬೇಸಿಗೆ ರಜೆಯಲ್ಲಿ ಮಗುವನ್ನು ಪದದ ಪಟ್ಟಿ ಹಿಡಿಸಿ ಕೂರಿಸಬೇಡಿ. ರಾತ್ರಿ ಮಲಗುವ ಮುಂಚೆ ಕಥೆ ಓದಿ.

ಗಮನ ಕೊಡಲ್ಲ, ಕೂತಲ್ಲಿ ಕೂರಲ್ಲ ಎಂದು ಶಾಲೆಯವರು ಹೇಳುತ್ತಿದ್ದಾರೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದಾ?

ಇರಲೂಬಹುದು. ಇದ್ದರೆ ಸಹಾಯ ಸಿಗಲೇಬೇಕು, ವೈದ್ಯರ ಹತ್ತಿರ ಹೋಗಲು ಹಿಂಜರಿಯಬೇಡಿ. ಆದರೆ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ತರಗತಿಯ ಗಡಿ ಡಿಸೆಂಬರ್ 31. ಅಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಸೆಂಬರ್‌ನ ಗಂಡುಮಕ್ಕಳಿಗೆ ಜನವರಿಯವರಿಗಿಂತ ಶೇಕಡಾ 30ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂದು ಗುರುತಿಸಲಾಗಿತ್ತು. ಹೆಣ್ಣುಮಕ್ಕಳಲ್ಲಿ ಶೇಕಡಾ 70ರಷ್ಟು ಹೆಚ್ಚು. ಅಮೆರಿಕದಲ್ಲಿ ಸೆಪ್ಟೆಂಬರ್ 1 ಗಡಿ ಇರುವ ರಾಜ್ಯಗಳಲ್ಲಿ ಆಗಸ್ಟ್ ಮಕ್ಕಳಿಗೆ ಹೀಗೇ ಆಗಿರುವುದನ್ನು 2018ರ ಇನ್ನೊಂದು ಅಧ್ಯಯನ ತೋರಿಸಿತು. ಗಡಿ ಎಲ್ಲಿಗೆ ಸರಿಯುತ್ತದೋ ಸಮಸ್ಯೆಯ ತಿಂಗಳೂ ಅಲ್ಲಿಗೇ ಸರಿಯುತ್ತದೆ. ಒಂದು ತಿಂಗಳಲ್ಲಿ ಹುಟ್ಟಿದವರ ಮೆದುಳು ಬೇರೆ ಇರುವುದಿಲ್ಲವಲ್ಲ. ಚಿಕ್ಕ ಮಗು ಚಿಕ್ಕ ಮಗುವಿನ ಹಾಗೆ ನಡೆದುಕೊಂಡಿದ್ದನ್ನು ಕಾಯಿಲೆ ಎಂದು ಬರೆದಿರುವ ಸಾಧ್ಯತೆ ಇದೆ. ಔಷಧಿಯವರೆಗೂ ಹೋಗುವ ವಿಷಯ ಇದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಒಂದು ವರ್ಷ ತಡವಾಗಿ ಸೇರಿಸಬಹುದಾ?

ಇಂಗ್ಲೆಂಡಿನಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 31ರ ಒಳಗೆ ಹುಟ್ಟಿದ ಮಕ್ಕಳನ್ನು ಬೇಸಿಗೆಯ ಮಕ್ಕಳು ಎಂದು ಲೆಕ್ಕ ಹಿಡಿಯುತ್ತಾರೆ. ಕಾನೂನಿನ ಪ್ರಕಾರ ಇವರು ಐದು ತುಂಬಿದ ನಂತರದ ಸೆಪ್ಟೆಂಬರ್‌ವರೆಗೆ ಶಾಲೆಗೆ ಹೋಗಲೇಬೇಕೆಂದಿಲ್ಲ. ಅಲ್ಲಿಯವರೆಗೆ ಅರ್ಧ ದಿನ ಕಳಿಸುವ ಹಕ್ಕೂ ನಿಮಗಿದೆ. ಇದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ.

ಕಗ್ಗಂಟು ಇರುವುದು ಮುಂದೆ. ಒಂದು ವರ್ಷ ಬಿಟ್ಟು ಬಂದರೆ ಮಗುವಿನ ವಾರಿಗೆಯವರು ಆಗಲೇ ಇಯರ್ ಒನ್‌ನಲ್ಲಿರುತ್ತಾರೆ. ನಿಮ್ಮ ಮಗುವನ್ನು ರಿಸೆಪ್ಷನ್‌ಗೇ ಸೇರಿಸಿಕೊಳ್ಳಿ ಎಂದು ನೀವು ಅರ್ಜಿ ಹಾಕಬೇಕು. ಪ್ರವೇಶದ ಅಧಿಕಾರ ಇರುವವರು ಮಗುವಿನ ಹಿತ ನೋಡಿ ತೀರ್ಮಾನಿಸಬೇಕು. ಒಪ್ಪಲೇಬೇಕೆಂಬ ನಿಯಮ ಇಲ್ಲ. ಇದನ್ನು ಹಕ್ಕಾಗಿ ಮಾಡುತ್ತೇವೆ ಎಂದು ಆಗಿನ ಶಾಲೆಗಳ ಖಾತೆಯ ಸಚಿವ ನಿಕ್ ಗಿಬ್ 2015ರಲ್ಲಿ ಬಹಿರಂಗ ಪತ್ರ ಬರೆದಿದ್ದರು. ಕೆಲವು ಕೌನ್ಸಿಲ್‌ಗಳು ಸುಲಭವಾಗಿ ಒಪ್ಪುತ್ತವೆ, ಕೆಲವು ಕಡೆ ಪತ್ರದ ಮೇಲೆ ಪತ್ರ ಬರೆಯಬೇಕಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾಗಿದ್ದು, ಲೆಕ್ಕದ ಪ್ರಕಾರ ಸೆಪ್ಟೆಂಬರ್‌ನಲ್ಲಿ ಹುಟ್ಟಬೇಕಿದ್ದರೆ ಅದನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

ಸ್ಕಾಟ್ಲೆಂಡಿನಲ್ಲಿ ಪರಿಸ್ಥಿತಿ ಮೇಲು. ಶಾಲೆ ಶುರುವಾಗುವ ಹೊತ್ತಿಗೆ ಐದು ತುಂಬಿರದ ಮಗುವನ್ನು ಒಂದು ವರ್ಷ ತಡೆಯುವುದು ಅಪ್ಪ ಅಮ್ಮನ ಹಕ್ಕು. 2023ರಿಂದ ಆ ವರ್ಷದ ನರ್ಸರಿಗೂ ಸರ್ಕಾರವೇ ಹಣ ಕೊಡುತ್ತದೆ.

ಹಾಗಾದರೆ ತಡ ಮಾಡುವುದೇ ಒಳ್ಳೆಯದಾ?

ನಾನು ಎಲ್ಲರಿಗೂ ಹೌದು ಎನ್ನುವುದಿಲ್ಲ. ಇನ್ನೂ ಶೌಚಾಲಯಕ್ಕೆ ಒಬ್ಬರೇ ಹೋಗಲು ಹೆದರುವ, ಮಧ್ಯಾಹ್ನ ನಿದ್ದೆ ಮಾಡುವ ಮಗುವಿಗೆ ಆ ವರ್ಷ ದೊಡ್ಡ ವರ. ಗೆಳೆಯರ ಜೊತೆ ಕುಣಿದುಕೊಂಡು ಹೋಗುವ ಮಗುವನ್ನು ಹುಟ್ಟಿದ ದಿನಾಂಕ ನೋಡಿ ಮನೆಯಲ್ಲಿ ಕೂರಿಸಿದರೆ ಅದಕ್ಕೆ ಬೇಜಾರು.

ಇನ್ನೊಂದು ಮಾತು ಹೇಳಲೇಬೇಕು. ತಡ ಮಾಡುವುದಕ್ಕೆ ಹಣ ಬೇಕು. ಇಂಗ್ಲೆಂಡಿನಲ್ಲಿ ಇನ್ನೊಂದು ವರ್ಷ ನರ್ಸರಿ ಎಂದರೆ ಸಣ್ಣ ಖರ್ಚಲ್ಲ. ಅರ್ಜಿ, ಪತ್ರ, ಮೇಲ್ಮನವಿ ಎಂದು ಓಡಾಡಲು ಭಾಷೆ ಬೇಕು, ಬಿಡುವು ಬೇಕು. ಇವೆಲ್ಲ ಇರುವವರು ಮಕ್ಕಳನ್ನು ತಡೆದರೆ, ಇಲ್ಲದವರ ಆಗಸ್ಟ್ ಮಗುವಿನ ಪಕ್ಕದಲ್ಲಿ ಹನ್ನೆರಡು, ಹದಿಮೂರು ತಿಂಗಳು ದೊಡ್ಡ ಮಗು ಬಂದು ಕೂರುತ್ತದೆ. ಗಡಿ ಎಲ್ಲಿಟ್ಟರೂ ಯಾರೋ ಒಬ್ಬರು ಎಲ್ಲರಿಗಿಂತ ಚಿಕ್ಕವರಾಗಿಯೇ ಇರುತ್ತಾರೆ. ಅದಕ್ಕೇ ನಾನು ಸೇರುವ ವಯಸ್ಸಿಗಿಂತ ತರಗತಿಯ ಒಳಗೆ ನಡೆಯುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಅದರಿಂದ ಮಗು ಇನ್ನೂ ಹಿಂದೆ ಬೀಳುತ್ತದಾ?

ದಯವಿಟ್ಟು ಕನ್ನಡ ನಿಲ್ಲಿಸಬೇಡಿ. ಕೆಳಗಿನ ಟೇಬಲ್ ಎಂದ ತಕ್ಷಣ ಎಷ್ಟೋ ಮನೆಗಳಲ್ಲಿ ಮೊದಲು ಬಲಿಯಾಗುವುದು ಕನ್ನಡ. ಅಜ್ಜಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ 'ಇಂಗ್ಲಿಷಲ್ಲಿ ಹೇಳು' ಶುರುವಾಗುತ್ತದೆ.

ನಿಜ, ನಾಲ್ಕು ವರ್ಷದ ಆಗಸ್ಟ್ ಮಗುವಿಗೆ ಇಂಗ್ಲಿಷ್ ಕೂಡ ಹೊಸದಾಗಿದ್ದರೆ ಮೊದಲ ಕೆಲವು ತಿಂಗಳು ಅದು ಸುಮ್ನೆ ಕೂತು ಕೇಳಿಸಿಕೊಳ್ಳಬಹುದು. ಎರಡನೇ ಭಾಷೆ ಕಲಿಯುವ ಮಕ್ಕಳಲ್ಲಿ ಆ ಮೌನ ತೀರಾ ಸಹಜ. ಆಗ ಗುಂಪು ಮಾಡಿದರೆ ಮಗುವಿನ ಇಂಗ್ಲಿಷನ್ನು ಅಳೆದು ಬುದ್ಧಿ ಎಂದು ಬರೆದುಕೊಂಡ ಹಾಗಾಗುತ್ತದೆ. ಟೀಚರ್‌ಗೆ ನೇರವಾಗಿ ತಿಳಿಸಿ: ಮನೆಯಲ್ಲಿ ಕನ್ನಡದಲ್ಲಿ ಕಥೆ ಹೇಳುತ್ತದೆ, ಇಪ್ಪತ್ತರವರೆಗೆ ಎಣಿಸುತ್ತದೆ, ಯಾಕೆ ಹೇಗೆ ಎಂದು ಪ್ರಶ್ನೆ ಕೇಳುತ್ತದೆ. ಅವರಿಗೆ ಇದು ತಿಳಿಯಲು ಬೇರೆ ದಾರಿಯೇ ಇಲ್ಲ. ಮನೆಯ ಭಾಷೆಯಲ್ಲಿ ಯೋಚಿಸಲು, ಕಥೆ ಹೆಣೆಯಲು ಕಲಿತ ಮಗು ಅದನ್ನೆಲ್ಲ ಇಂಗ್ಲಿಷಿಗೂ ಒಯ್ಯುತ್ತದೆ.

ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಏನು ಕೇಳಲಿ?

ಹತ್ತೇ ನಿಮಿಷ ಸಿಗುತ್ತದೆ. "ಯಾವ ಗುಂಪು?" ಎಂದು ಕೇಳಿ ಸಮಯ ಕಳೆಯಬೇಡಿ. ಇವನ್ನು ಕೇಳಿ: ಗುಂಪುಗಳನ್ನು ಎಷ್ಟು ವಾರಕ್ಕೊಮ್ಮೆ ಬದಲಿಸುತ್ತೀರಿ? ಹೋದ ಟರ್ಮ್‌ನಲ್ಲಿ ಈ ಗುಂಪಿನಿಂದ ಯಾರಾದರೂ ಮೇಲೆ ಹೋದರಾ? ಓದಿಗೂ ಲೆಕ್ಕಕ್ಕೂ ಅದೇ ಟೇಬಲ್ಲಾ? ಟೀಚರ್ ಈ ಗುಂಪಿನ ಜೊತೆ ಎಷ್ಟು ಸಲ ಕೂರುತ್ತಾರೆ, ಸಹಾಯಕಿ ಎಷ್ಟು ಸಲ? ನನ್ನ ಮಗುವಿಗೆ ಕಷ್ಟದ ಕೆಲಸ ಕೊಟ್ಟು ನೋಡಿದ್ದೀರಾ?

ಕೊನೆಗೆ ಮೆಲ್ಲಗೆ, "ಇವಳು ಆಗಸ್ಟ್ 20ರವಳು" ಎಂದು ಒಂದು ಮಾತು ಹಾಕಿ. ಜಗಳದ ದನಿಯಲ್ಲಿ ಬೇಡ. ಮೂವತ್ತು ದಿನಾಂಕ ಯಾರಿಗೂ ನೆನಪಿರುವುದಿಲ್ಲ.

ಮಗುವೇ "ನಾನು ದಡ್ಡರ ಟೇಬಲ್" ಎನ್ನುತ್ತಿದೆ. ಏನು ಹೇಳಲಿ?

"ಹಾಗೆಲ್ಲ ಏನಿಲ್ಲ" ಎಂದು ತಳ್ಳಿಹಾಕಬೇಡಿ. ಅದು ನೋಡಿದ್ದನ್ನೇ ಹೇಳುತ್ತಿದೆ. ನಿಜವನ್ನೇ ಹೇಳಿ: ನಿನ್ನ ತರಗತಿಯಲ್ಲಿ ನೀನು ಎಲ್ಲರಿಗಿಂತ ಚಿಕ್ಕವಳು, ಅವರಲ್ಲಿ ಕೆಲವರು ಹೆಚ್ಚುಕಡಿಮೆ ಒಂದು ವರ್ಷ ಮುಂಚೆ ಹುಟ್ಟಿದವರು, ಮುಂದಿನ ವರ್ಷ ನಿನಗೂ ಇದು ಬರುತ್ತದೆ. ಆರು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಳೆದ ವರ್ಷ ಬರೆದ ಹಾಳೆ ಇದ್ದರೆ ಈ ವರ್ಷದ್ದರ ಪಕ್ಕ ಇಟ್ಟು ತೋರಿಸಿ. ಹೋಲಿಸುವುದಾದರೆ ಮಗುವನ್ನು ಅದರ ಜೊತೆಗೇ ಹೋಲಿಸಿ. ಮತ್ತು ಈ ಮಾತು ಬಂದದ್ದನ್ನು ಟೀಚರ್‌ಗೆ ತಿಳಿಸಿ. ಅವರಿಗೆ ಗೊತ್ತಾಗಲೇಬೇಕು.

ಕರ್ನಾಟಕದಲ್ಲಿ ಈ ತೊಂದರೆ ಇದೆಯಾ?

ಗಡಿ ಇರುವ ಕಡೆಯೆಲ್ಲ ಇದೆ. ನಮ್ಮಲ್ಲಿ ಗಡಿ ಜೂನ್ 1. ಹಾಗಾಗಿ ನಮ್ಮ ಆಗಸ್ಟ್ ಮಕ್ಕಳು ಎಂದರೆ ಮೇ ಮಕ್ಕಳು. ಕೇಂದ್ರೀಯ ವಿದ್ಯಾಲಯಗಳಲ್ಲಿ ಗಡಿ ಮಾರ್ಚ್ 31, ಅಲ್ಲಿ ಮಾರ್ಚ್ ಮಕ್ಕಳು.

ಹಿಂದೆ ಹೆಡ್ ಮಾಸ್ಟರೇ ಶಾಲೆಗೆ ಹೊಂದುವ ಹಾಗೆ ಹುಟ್ಟಿದ ದಿನಾಂಕ ಬರೆದುಕೊಳ್ಳುತ್ತಿದ್ದರು. ಎಷ್ಟೋ ಹಿರಿಯರ ದಾಖಲೆಯಲ್ಲಿ ಇವತ್ತಿಗೂ ಜೂನ್ 1 ಎಂದೇ ಇರುತ್ತದೆ. ಈಗ ಜನನ ಪ್ರಮಾಣಪತ್ರ ಇದೆ, ದಿನದ ಲೆಕ್ಕವೂ ಬಿಗಿಯಾಗಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರಲ್ಲಿ ಸರ್ಕಾರ ಆದೇಶ ಮಾಡಿತು. 2025-26ರಿಂದ ಅದು ಜಾರಿಗೆ ಬರಬೇಕಿತ್ತು. ಯುಕೆಜಿ ಮುಗಿಸಿದ್ದರೂ ಕೆಲವು ತಿಂಗಳು ಕಡಿಮೆ ಇದ್ದ ಮಕ್ಕಳ ಅಪ್ಪ ಅಮ್ಮಂದಿರು ಗೋಳಾಡಿದರು. ಕೊನೆಗೆ ಯುಕೆಜಿ ಮುಗಿಸಿದ್ದರೆ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಸಾಕು ಎಂದು 2025ರ ಏಪ್ರಿಲ್‌ನಲ್ಲಿ ಸಡಿಲ ಮಾಡಿದರು.

ಸಡಿಲ ಮಾಡಿದ್ದು ಸರಿಯೋ ತಪ್ಪೋ, ಅದರ ಪರಿಣಾಮ ಒಂದನ್ನು ಮೇಷ್ಟ್ರುಗಳು ಮರೆಯಬಾರದು. ಆ ವರ್ಷ ಸೇರಿದ ತರಗತಿಯಲ್ಲಿ ಐದೂವರೆಯ ಮಕ್ಕಳೂ ಇದ್ದಾರೆ, ಆರು ತುಂಬಲಿ ಎಂದು ಕಾದು ಬಂದವರೂ ಇದ್ದಾರೆ. ವಯಸ್ಸಿನ ಅಂತರ ಒಂದು ವರ್ಷವನ್ನೂ ಮೀರಬಹುದು. ಈ ಮಕ್ಕಳಿಗೆ ರ‍್ಯಾಂಕ್ ಕೊಟ್ಟು, ಜಾಣರನ್ನು ಮುಂದಿನ ಬೆಂಚಿಗೆ, ಉಳಿದವರನ್ನು ಹಿಂದಕ್ಕೆ ಕಳಿಸುವ ಶಾಲೆಗಳಿದ್ದರೆ ಮೊದಲು ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ದಿನಾಂಕ ನೋಡಲಿ.

ನಾನೇ ಟೀಚರ್. ನಾಳೆಯಿಂದ ಏನು ಮಾಡಬಹುದು?

ದೊಡ್ಡ ಬದಲಾವಣೆ ಏನೂ ಬೇಡ. ನಿಮ್ಮ ತರಗತಿಯ ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಬರೆಯುವ ಬದಲು ಹುಟ್ಟಿದ ದಿನಾಂಕದ ಕ್ರಮದಲ್ಲಿ ಬರೆಯಿರಿ. ಪಕ್ಕದಲ್ಲಿ ಈಗ ಯಾವ ಗುಂಪು ಎಂದು ಬರೆಯಿರಿ. ಕೆಳಗಿನ ಗುಂಪಿನ ಹೆಸರುಗಳೆಲ್ಲ ಪಟ್ಟಿಯ ಕೊನೆಯಲ್ಲೇ ತುಂಬಿದ್ದರೆ, ನೀವು ವಯಸ್ಸಿನ ಪ್ರಕಾರ ಕೂರಿಸಿದ್ದೀರಿ ಎಂದರ್ಥ.

ಆಮೇಲೆ ಆರು ವಾರಕ್ಕೊಮ್ಮೆ ಗುಂಪುಗಳನ್ನು ಒಡೆದು ಹೊಸದಾಗಿ ಮಾಡಿ. ಓದಿಗೆ ಒಂದು ಗುಂಪು, ಲೆಕ್ಕಕ್ಕೆ ಬೇರೆ, ಚಿತ್ರ, ಹಾಡು, ವಿಜ್ಞಾನಕ್ಕೆ ಎಲ್ಲರೂ ಬೆರೆತು ಕೂರಲಿ. ವಾರಕ್ಕೊಂದು ಸಲವಾದರೂ ಮೇಲಿನ ಟೇಬಲ್‌ನ ಪ್ರಶ್ನೆಯನ್ನು ಕೆಳಗಿನ ಟೇಬಲ್‌ಗೂ ಕೊಟ್ಟು ನೋಡಿ. ತೀರಾ ಕಷ್ಟದಲ್ಲಿರುವ ಗುಂಪಿನ ಜೊತೆ ಅನುಭವ ಜಾಸ್ತಿ ಇರುವವರು ಕೂರಬೇಕು, ಅಂದರೆ ನೀವು. ಮುಂದಿನ ತರಗತಿಯ ಟೀಚರ್‌ಗೆ ವರದಿ ಕೊಡುವಾಗ ಅಂಕದ ಪಕ್ಕದಲ್ಲಿ ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಬರೆಯಿರಿ. 'ನಿಧಾನ' ಎಂದು ಬರೆಯಲು ಹೊರಟ ಕೈ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.